ಕಾವಿಗೆ ಕೂತ ಹೇಂಟೆ

ಧ್ಯಾನಕ್ಕೆ ಆಧಾರ: ಮತ್ತಾಯ ೨೩:೩೭



ನಮ್ಮ ಕರ್ತನು ಜನರಿಗೆ ಬೋಧಿಸುವಾಗ ದೂರದ ವಸ್ತುಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಹಿಟ್ಟಿನಲ್ಲಿ ಕಲಸಿದ ಹುಳಿಯನ್ನೂ, ಮನೆಯೊಳಗೆ ಕಳೆದುಹೋದ ಒಂದು ನಾಣ್ಯವನ್ನೂ, ಹೊಲದಲ್ಲಿ ಬಿದ್ದ ಬೀಜವನ್ನೂ ತಕ್ಕೊಂಡು ಪರಲೋಕರಾಜ್ಯದ ಮರ್ಮಗಳನ್ನು ತಿಳಿಸಿದನು. ಆತನು ಯೆರೂಸಲೇಮಿನಲ್ಲಿ ಶ್ರಮೆಪಡುವದಕ್ಕೆ ಕೆಲವೇ ದಿನ ಮುಂಚೆ ಆ ಪಟ್ಟಣದವರನ್ನು ಕುರಿತು ಬಹಳವಾಗಿ ದುಃಖಪಟ್ಟನು. ತಾಯಿಕೋಳಿಯು ಮರಿಗಳನ್ನು ರೆಕ್ಕೆಯಡಿಯಲ್ಲಿ ಸೇರಿಸಿಕೊಳ್ಳುವದನ್ನು ಹೋಲಿಕೆಯಾಗಿ ಎತ್ತಿ, ಆ ಜನರನ್ನು ತನ್ನ ಬಳಿಗೆ ಹಾಗೆಯೇ ತರಬೇಕೆಂದು ತಾನು ಪದೇ ಪದೇ ಬಯಸಿದರೂ ಅವರೇ ಒಪ್ಪದೆ ಹೋದರೆಂದು ನುಡಿದನು.

ಯೆಹೂದ ಕುಲದ ಸಿಂಹವೆಂದು ಕರೆಯಲ್ಪಟ್ಟಾತನು ಆ ಹೊತ್ತಿನಲ್ಲಿ ಸಿಂಹದ ಮಾತನ್ನು ಎತ್ತಲಿಲ್ಲ; ಹದ್ದಿನ ಮಾತನ್ನೂ ಎತ್ತಲಿಲ್ಲ. ಕೋರೆಹಲ್ಲಿಲ್ಲದ, ಎತ್ತರಕ್ಕೆ ಹಾರಲಾರದ, ತಿಪ್ಪೆಯನ್ನು ಕೆದರಿ ಹೊಟ್ಟೆ ಹೊರೆಯುವ ಹೇಂಟೆಯ ಮಾತನ್ನು ಎತ್ತಿದನು. ನಮ್ಮಲ್ಲಿ ಬಹುಮಂದಿ ಬಡವರು. ಹೊಲವಿಲ್ಲದವರ ಹಿತ್ತಲಲ್ಲಿಯೂ ಒಂದೆರಡು ಕೋಳಿಗಳಾದರೂ ಇರುವವು. ಹೀಗಿರಲಾಗಿ ಈ ಹೋಲಿಕೆಯನ್ನು ತಿಳಿಯುವದಕ್ಕೆ ಪಂಡಿತರಿಗಿಂತಲೂ ನಮಗೇ ಹೆಚ್ಚು ಅನುಕೂಲ ಉಂಟು. ಆದರೆ ದಿನಾಲು ಕಾಣುವದನ್ನು ನಾವು ಕಣ್ಣಿಟ್ಟು ನೋಡುವದಿಲ್ಲ. ಆದದರಿಂದ ಈ ತಿಂಗಳು ಹೇಂಟೆಯನ್ನು ಕಾವಿಗೆ ಕುಳ್ಳಿರಿಸಿದ ದಿನದಿಂದ ಮರಿಗಳು ಹೊರಡುವ ದಿನದ ವರೆಗೆ ಅದರ ಬುಟ್ಟಿಯ ಬಳಿಯಲ್ಲಿ ಕೂತು, ಮನೆಗೆ ಪ್ರಯೋಜನವಾದದ್ದನ್ನೂ ಆತ್ಮಕ್ಕೆ ಪ್ರಯೋಜನವಾದದ್ದನ್ನೂ ಕಲಿಯೋಣ.

ಮೊದಲನೆಯದಾಗಿ, ಮೊಟ್ಟೆಯು ಕಾಯುವದನ್ನು ನೋಡಿರಿ. ನಾಡಕೋಳಿಯು ದಿನಕ್ಕೊಂದರಂತೆ, ಇಲ್ಲವೆ ಒಂದು ದಿನ ಬಿಟ್ಟು ಒಂದು ದಿನ, ಹತ್ತು ಹನ್ನೆರಡು ಮೊಟ್ಟೆಗಳನ್ನು ಇಡುವದು. ಮೊದಲನೆಯ ಮೊಟ್ಟೆ ಇಟ್ಟ ಕೂಡಲೆ ಅದು ಕಾವಿಗೆ ಕೂಡ್ರುವದಿಲ್ಲ. ಇಡುವದೆಲ್ಲಾ ಮುಗಿಯುವ ಹೊತ್ತಿಗೆ ಗೂಡನ್ನು ಬಿಡದೆ ಕೂತು, ಮೈಯುಬ್ಬಿಸಿ, ಹತ್ತಿರ ಬಂದವರನ್ನು ಕುಕ್ಕುವದು. ಮೊಟ್ಟೆಯೊಳಗಿನ ಜೀವಾಂಕುರವಾದರೋ ತಾಯಿಯ ಹೊಟ್ಟೆಯಲ್ಲಿರುವಾಗಲೇ ಬೆಳೆಯಲಾರಂಭಿಸಿ, ಹೊರಗೆ ಬಂದು ಆರಿದ ಮೇಲೆ ನಿಂತುಹೋಗುವದು. ನಿಂತಿತೇ ಹೊರತು ಸತ್ತಿಲ್ಲ. ಕಾವು ಬರುವ ವರೆಗೆ ಅದು ಸುಮ್ಮನೆ ಕಾದಿರುವದು. ಹನ್ನೆರಡು ದಿನ ಹಿಂದೆ ಬಂದ ಮೊಟ್ಟೆಯೂ ನಿನ್ನೆ ಬಂದ ಮೊಟ್ಟೆಯೂ ಒಂದೇ ದಿನ ಕಾವನ್ನು ಹೊಂದಿ, ಹೆಚ್ಚು ಕಡಿಮೆ ಒಂದೇ ದಿನ ಒಡೆಯುವವು.

ಪ್ರಿಯರೇ, ನಮ್ಮ ಸಭೆಗಳಲ್ಲಿ ಇದನ್ನು ಮರೆತವರಿದ್ದಾರೆ. ನಮ್ಮ ಅಜ್ಜನ ಕಾಲದಲ್ಲಿಯೇ ನಾವು ಕರ್ತನ ಕಡೆಗೆ ಬಂದೆವು, ಇವರು ಮೊನ್ನೆ ಬಂದವರು, ಎಂದು ಹೇಳಿ ದೇವಾಲಯದಲ್ಲಿ ಮುಂದಿನ ಚಾಪೆಯನ್ನು ತಮ್ಮದೆಂದು ಹಿಡಿದುಕೊಳ್ಳುವವರುಂಟು. ಮದುವೆಯ ಮಾತು ಬಂದಾಗ ಹಳೆಯ ಮನೆತನ ಹೊಸ ಮನೆತನವೆಂದು ಅಳೆಯುವವರುಂಟು. ಮುಂದಾಗಿ ಇಟ್ಟ ಮೊಟ್ಟೆಯು ತನ್ನ ಶಕ್ತಿಯಿಂದ ಒಂದು ಕೂದಲೆಳೆಯಷ್ಟಾದರೂ ಬೆಳೆಯಿತೋ? ಇಲ್ಲ. ಅದನ್ನು ಬೆಳೆಸಿದ್ದು ರೆಕ್ಕೆಯ ಕಾವು. ಆ ಕಾವು ಎಲ್ಲಕ್ಕೂ ಒಂದೇ. ದ್ರಾಕ್ಷೇತೋಟದ ಯಜಮಾನನು ಸಾಯಂಕಾಲ ಬಂದವನಿಗೂ ಬೆಳಿಗ್ಗೆ ಬಂದವನಿಗೂ ಒಂದೇ ಕೂಲಿಯನ್ನು ಕೊಟ್ಟದ್ದೇಕೆಂದು ಗುಣುಗುಟ್ಟುವವರು ಹೇಂಟೆಯ ಬುಟ್ಟಿಯನ್ನು ಒಂದು ಸಾರಿ ನೋಡಲಿ.

ತಾಯಂದಿರು ಇಲ್ಲಿ ನೆನಪಿನಲ್ಲಿಡತಕ್ಕದ್ದೇನಂದರೆ, ಕಾವಿಗಿಡುವ ಮೊಟ್ಟೆಯು ಏಳು ದಿನಕ್ಕಿಂತ ಹಳೆಯದಾಗದಿದ್ದರೆ ಉತ್ತಮ. ಹತ್ತು ದಿನ ದಾಟಿದರೆ ಮರಿಯಾಗುವ ಭರವಸೆಯು ಕಡಿಮೆಯಾಗುವದು. ತೀರಾ ಸಣ್ಣದಾದದ್ದನ್ನೂ ಸೀಳು ಬಿಟ್ಟದ್ದನ್ನೂ ಇಡಬಾರದು. ಮೊಟ್ಟೆಯನ್ನು ನೀರಿನಲ್ಲಿ ತೊಳೆಯಬಾರದು. ಯಾಕಂದರೆ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಮೊಟ್ಟೆಯು ಹುಟ್ಟುವಾಗ ಅದರ ಮೇಲೆ ಬರುವ ತೆಳುವಾದ ಲೇಪವು ಆ ರಂಧ್ರಗಳನ್ನು ಕಾಯುವದು. ತೊಳೆದರೆ ಆ ಕಾವಲು ಹೋಗಿ ಕೊಳೆಯು ಒಳಗೆ ಸೇರುವದು. ಚೂಪಾದ ತುದಿ ಕೆಳಗಾಗಿ, ತಂಪಾದ ಸ್ಥಳದಲ್ಲಿ ಅವುಗಳನ್ನು ಇಟ್ಟಿರಬೇಕು. ಬೇಸಿಗೆಯ ಸೆಖೆಯಲ್ಲಿ ಒಲೆಯ ಹತ್ತಿರವಿಟ್ಟರೆ ಅರೆಕಾವು ಹತ್ತಿ, ಬೆಳೆಯಲೂ ಆರದೆ ನಿಲ್ಲಲೂ ಆರದೆ ಒಳಗಿನ ಜೀವವು ಕುಂದುವದು. ಆದಕಾರಣ ಮಣ್ಣಿನ ಪಾತ್ರೆಯಲ್ಲಿ ಉಸುಬನ್ನು ತುಂಬಿ, ನೀರು ಚಿಮುಕಿಸಿ, ಅದರ ಮೇಲೆ ಬುಟ್ಟಿಯನ್ನಿಟ್ಟು ಮೊಟ್ಟೆಗಳನ್ನು ಕಾಪಾಡುವದು ಒಳ್ಳೇದು. ಒಂದು ನಾಡಹೇಂಟೆಯ ಮೈಯಡಿ ಹತ್ತು ಹನ್ನೆರಡು ಮೊಟ್ಟೆಗಳು ಸಾಕು. ಹೆಚ್ಚು ಇಟ್ಟರೆ ಕೆಲವು ಹೊರಗೆ ಉಳಿದು ತಣ್ಣಗಾಗುವವು. ಸರದಿಯ ಮೇಲೆ ಎಲ್ಲವೂ ತಣ್ಣಗಾಗಿ, ಆಶೆಪಟ್ಟವರಿಗೆ ಇದ್ದದ್ದೂ ಕೈಬಿಡುವದು.

ಎರಡನೆಯದಾಗಿ, ಗೂಡನ್ನು ನೋಡಿರಿ. ಕೆಲವು ಊರುಗಳಲ್ಲಿ ಗುಡುಗು ಬಂದರೆ ಮೊಟ್ಟೆ ಕೆಡುವದೆಂದು ಹೆದರಿ ಬುಟ್ಟಿಯೊಳಗೆ ಕಬ್ಬಿಣದ ಚೂರನ್ನೂ ಇದ್ದಲನ್ನೂ ಒಣಮೆಣಸಿನಕಾಯಿಯನ್ನೂ ಇಡುವರು. ವಾರ ತಿಥಿಗಳನ್ನು ನೋಡಿ ಕಾವಿಗೆ ಕುಳ್ಳಿರಿಸುವರು. ನಮ್ಮ ಮನೆಗಳಲ್ಲಿಯೂ ಇದು ಇನ್ನೂ ಪೂರಾ ಬಿಟ್ಟಿಲ್ಲವೆಂಬದನ್ನು ನಾವು ಬಲ್ಲೆವು. ಯಾರನ್ನೂ ಹಾಸ್ಯಮಾಡುವದಕ್ಕೆ ಇದನ್ನು ಬರೆಯುವದಿಲ್ಲ. ಎರಡು ಕೋಳಿಗಳ ಹೊರತು ಬೇರೆ ಆಸ್ತಿಯಿಲ್ಲದವಳು ಹನ್ನೆರಡು ಮೊಟ್ಟೆಗಳಿಗಾಗಿ ಹೆದರುವದು ಆಶ್ಚರ್ಯವಲ್ಲ. ಆದರೆ ಮೊಟ್ಟೆಯನ್ನು ಕೆಡಿಸುವದು ಗುಡುಗಿನ ಸದ್ದಲ್ಲ. ಗುಡುಗಿನೊಂದಿಗೆ ಬರುವ ಮಳೆಯು ಸೋರಿ ಗೂಡು ತೊಯ್ಯುವದು, ಹೇಂಟೆಯು ಹೆದರಿ ಎದ್ದುಹೋಗುವದು, ಬುಟ್ಟಿಯು ತಣ್ಣಗಾಗುವದು; ಇದೇ ಕಾರಣ. ಸೋರದ ಮೂಲೆಯಲ್ಲಿ, ಮಬ್ಬುಗತ್ತಲಿರುವಲ್ಲಿ, ನಾಯಿ ಬೆಕ್ಕು ಇಲಿ ಹಾವುಗಳು ಬಾರದ ಸ್ಥಳದಲ್ಲಿ ಬುಟ್ಟಿಯನ್ನಿಡಿರಿ. ಅಡಿಯಲ್ಲಿ ಒಣಹುಲ್ಲನ್ನು ಹಾಸಿ, ಹೇನು ಹತ್ತದ ಹಾಗೆ ಜರಡಿಹಿಡಿದ ಬೂದಿಯನ್ನೂ ಬೇವಿನ ಎಲೆಯನ್ನೂ ಹಾಕಿರಿ. ಹೇನು ಹತ್ತಿದ ಹೇಂಟೆಯು ತಾಳಲಾರದೆ ಗೂಡನ್ನು ಬಿಡುವದುಂಟು. ಕಬ್ಬಿಣಕ್ಕೆ ಕಾಯುವ ಶಕ್ತಿಯಿಲ್ಲ. ಎಚ್ಚರವುಳ್ಳ ಕೈಗೆ ಉಂಟು, ಆ ಕೈಯನ್ನು ಉಂಟುಮಾಡಿದ ದೇವರಿಗೆ ಉಂಟು. ಹೆದರಿಕೆಯು ಬಂದಾಗ ಕೀರ್ತನೆ ೯೧ನ್ನು ಓದಿರಿ. ಅಲ್ಲಿ ದೇವರಿಗೇ ರೆಕ್ಕೆಗಳ ಹೋಲಿಕೆಯು ಕೊಡಲ್ಪಟ್ಟದೆ.

ಮೂರನೆಯದಾಗಿ, ಹೇಂಟೆಯು ಕೂಡ್ರುವದನ್ನು ನೋಡಿರಿ. ಕೋಳಿಮೊಟ್ಟೆಗೆ ೨೧ ದಿನ. ಬಾತುಕೋಳಿಯ ಮೊಟ್ಟೆಗೆ ೨೮ ದಿನ. ಈ ಎಲ್ಲಾ ದಿನ ಹೇಂಟೆಯು ದಿನಕ್ಕೆ ಒಂದು ಸಾರಿ ಹದಿನೈದು ಇಪ್ಪತ್ತು ನಿಮಿಷ ಮಾತ್ರ ಎದ್ದು, ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ, ತಿರಿಗಿ ಬಂದು ಕೂಡ್ರುವದು. ತಿನ್ನುವದು ಕಡಿಮೆಯಾದ್ದರಿಂದ ಅದರ ಮೈ ಇಳಿಯುವದು, ಜುಟ್ಟಿನ ಕೆಂಪು ಮಾಸುವದು. ಎದೆಯ ಗರಿಗಳು ವಿರಳವಾಗಿ ಬರಿಯ ಚರ್ಮವು ಮೊಟ್ಟೆಗೆ ತಾಗುವದು. ಹಾಗೆ ತಾಗಿದರೇ ಸರಿಯಾದ ಕಾವು ಹತ್ತುವದು. ಹೇಂಟೆಯ ಮೈ ಸುಮಾರು ೪೧ ಡಿಗ್ರಿ ಸೆಂಟಿಗ್ರೇಡ್ ಬಿಸಿಯುಳ್ಳದ್ದು. ಅದರ ಅಡಿಯಲ್ಲಿರುವ ಮೊಟ್ಟೆಗಳಿಗೆ ಸುಮಾರು ೩೮ ಡಿಗ್ರಿಯ ಹದವು ದೊರೆಯುವದು. ತಾನು ಬಡವಾಗದೆ, ತನ್ನ ಗರಿಯನ್ನು ಕಳಕೊಳ್ಳದೆ ಯಾವ ತಾಯಿಯೂ ಕಾವು ಕೊಟ್ಟದ್ದಿಲ್ಲ. ಶಿಲುಬೆಯ ಮೇಲೆ ವಸ್ತ್ರವಿಲ್ಲದೆ ತೋಳುಗಳನ್ನು ಚಾಚಿದಾತನನ್ನು ಇಲ್ಲಿ ನೆನಸದೆ ಇರಲಾರೆವು.

ಇನ್ನೂ ಒಂದು ಕೆಲಸವನ್ನು ಅದು ಯಾರ ಕಣ್ಣಿಗೂ ಬೀಳದ ಹಾಗೆ ಮಾಡುವದು. ಹಗಲಿರುಳೂ ಕೊಕ್ಕಿನಿಂದಲೂ ಕಾಲಿನಿಂದಲೂ ಮೊಟ್ಟೆಗಳನ್ನು ಹೊರಳಿಸುತ್ತಾ ಇರುವದು. ಹೊರಳಿಸದೆ ಬಿಟ್ಟರೆ ಎಳೆಯ ಜೀವವು ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುವದು. ಅಂಚಿನಲ್ಲಿ ತಣ್ಣಗಾದ ಮೊಟ್ಟೆಯನ್ನು ಕೊಕ್ಕಿನಿಂದ ಎಳಕೊಂಡು ನಡುವಿಗೆ ಸೇರಿಸುವದು. ನಡುವೆ ಬೆಚ್ಚಗಿದ್ದದ್ದು ಅಂಚಿಗೆ ಸರಿಯುವದು. ನಮ್ಮ ಸಭೆಯ ಅಂಚಿನಲ್ಲಿ ಯಾರಿದ್ದಾರೆ? ಊರ ಹೊರಗಿನ ಗುಡಿಸಲಿನ ವಿಧವೆ. ಗುಳೆಹೋಗಿ ಬಂದ ಕೂಲಿಯವನು. ಕುಡಿತಕ್ಕೆ ಬಿದ್ದು ನಾಚಿಕೆಯಿಂದ ದೇವಾಲಯಕ್ಕೆ ಬಾರದವನು. ಓದಲು ತಿಳಿಯದೆ ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡವಳು. ಇವರನ್ನು ನಡುವಿಗೆ ತರುವ ಕೊಕ್ಕು ಯಾವದು? ಯಾವಾಗಲೂ ಬೆಚ್ಚಗೆ ನಡುವೆ ಕೂತಿರುವ ನಾವು ಒಂದು ವಾರ ಅಂಚಿಗೆ ಸರಿದರೆ ಸತ್ತುಹೋಗುವದಿಲ್ಲ.

ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರಾತ್ಮನು ಕತ್ತಲಲ್ಲಿ ನೀರಿನ ಮೇಲೆ ಇದ್ದ ಸಂಗತಿಯನ್ನು ಓದಿದ್ದೀರಲ್ಲವೇ? ಅಲ್ಲಿ ಇಬ್ರಿಯ ಮೂಲದಲ್ಲಿರುವ ಕ್ರಿಯಾಪದವೇ ಧರ್ಮೋಪದೇಶಕಾಂಡ ೩೨:೧೧ರಲ್ಲಿ ಹಕ್ಕಿಯು ತನ್ನ ಮರಿಗಳ ಮೇಲೆ ರೆಕ್ಕೆಯಾಡಿಸುವದಕ್ಕೆ ಉಪಯೋಗಿಸಲ್ಪಟ್ಟದೆ. ಲೋಕದ ಆರಂಭದಲ್ಲಿಯೇ ಕತ್ತಲ ಮೇಲೆ ರೆಕ್ಕೆಯಿತ್ತು.

ನಾಲ್ಕನೆಯದಾಗಿ, ದೀಪ ಹಿಡಿದು ಮೊಟ್ಟೆಯನ್ನು ನೋಡುವದನ್ನು ಕುರಿತು ಒಂದು ಮಾತು. ಏಳನೆಯ ದಿನ ಕತ್ತಲು ಕೋಣೆಯಲ್ಲಿ ಮೊಟ್ಟೆಯ ದಪ್ಪತುದಿಗೆ ಬೆಳಕನ್ನು ಹಿಡಿದರೆ, ಜೀವವುಳ್ಳದ್ದರಲ್ಲಿ ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿರುವದು ಕಾಣುವದು. ಬರಡಾದದ್ದು ಏನೂ ಇಲ್ಲದೆ ತಿಳಿಯಾಗಿ ಕಾಣುವದು. ಬರಡನ್ನು ತೆಗೆದುಹಾಕುವದು ಬುದ್ಧಿಯ ಕೆಲಸ. ಇಲ್ಲದಿದ್ದರೆ ಅದು ಕೊಳೆತು ಒಡೆದು ಉಳಿದವುಗಳನ್ನೂ ಕೆಡಿಸೀತು. ಆದರೆ ಕಂದುಬಣ್ಣದ ಚಿಪ್ಪಿನಲ್ಲಿ ಬೆಳಕು ಸರಿಯಾಗಿ ತೂರದೆ ನೋಡುವವನು ತಪ್ಪುವದುಂಟು. ಆದದರಿಂದ ಬಲ್ಲವರು ಸಂದೇಹ ಬಂದದ್ದನ್ನು ಎಸೆಯದೆ ಹದಿನಾಲ್ಕನೆಯ ದಿನ ಎರಡನೆಯ ಸಾರಿ ನೋಡುವರು. ನಾವಾದರೋ ನೆರೆಯವನ ಆತ್ಮವನ್ನು ಒಂದೇ ಸಾರಿ ನೋಡಿ, ಇವನಲ್ಲಿ ಜೀವವಿಲ್ಲವೆಂದು ತೀರ್ಪು ಮಾಡಿಬಿಡುವೆವು. ಮೊಟ್ಟೆಯ ವಿಷಯದಲ್ಲಿ ಎರಡನೆಯ ಸಾರಿ ನೋಡುವ ನಾವು ಮನುಷ್ಯನ ವಿಷಯದಲ್ಲಿ ಹಾಗೆ ಮಾಡದಿರುವದೇಕೆ? ಕಳೆಯನ್ನು ಗೋದಿಯಿಂದ ಬೇರ್ಪಡಿಸುವ ಅಧಿಕಾರವು ಕೊಯ್ಲಿನ ಯಜಮಾನನದು. ನಮ್ಮ ಕೈಯಲ್ಲಿರುವ ದೀಪವನ್ನು ಮೊದಲು ನಮ್ಮ ಎದೆಗೆ ಹಿಡಿಯೋಣ.

ಐದನೆಯದಾಗಿ, ಕಡೇ ಮೂರು ದಿನಗಳು. ಹದಿನೆಂಟನೆಯ ದಿನದ ಮೇಲೆ ಮೊಟ್ಟೆಯನ್ನು ಕೈಯಿಂದ ಮುಟ್ಟಬಾರದು, ಹೊರಳಿಸಬಾರದು. ಮರಿಯು ಆಗ ದಪ್ಪತುದಿಯಲ್ಲಿರುವ ಗಾಳಿಯ ಕೋಣೆಯ ಕಡೆಗೆ ತಲೆಯನ್ನು ತಿರುಗಿಸಿಕೊಂಡು ಹೊರಡುವದಕ್ಕೆ ಸಿದ್ಧವಾಗುವದು. ಮೊದಲು ಒಳಪೊರೆಯನ್ನು ತೂತುಮಾಡಿ ಆ ಕೋಣೆಯ ಗಾಳಿಯನ್ನು ಉಸಿರಾಡುವದು. ಅನಂತರ ಕೊಕ್ಕಿನ ತುದಿಯಲ್ಲಿರುವ ಗಟ್ಟಿಯಾದ ಚಿಕ್ಕ ಮೊನೆಯಿಂದ ಚಿಪ್ಪನ್ನು ಕುಟ್ಟಿ ಒಂದು ತೂತು ಮಾಡುವದು. ತೂತು ಬಿದ್ದ ಮೇಲೆ ಅದು ಬಹಳ ಹೊತ್ತು ಸುಮ್ಮನಿರುವದು. ಒಂದು ಹಗಲು ಅಥವಾ ಒಂದು ರಾತ್ರಿ ಕಳೆದರೂ ಆಶ್ಚರ್ಯವಿಲ್ಲ. ನೋಡುವವನಿಗೆ ಅದು ಸತ್ತಿತೆಂದು ತೋರುವದು. ಆದರೆ ಒಳಗೆ ದೊಡ್ಡ ಕೆಲಸವು ನಡೆಯುತ್ತಿರುವದು. ಪೊರೆಯ ನರಗಳಲ್ಲಿರುವ ರಕ್ತವು ಮರಿಯ ಮೈಯೊಳಗೆ ಸೇರಬೇಕು. ಉಳಿದ ಹಳದಿ ಭಂಡಾರವು ಹೊಕ್ಕುಳದ ಮೂಲಕ ಹೊಟ್ಟೆಯೊಳಗೆ ಎಳೆಯಲ್ಪಡಬೇಕು. ಇದು ಮುಗಿದ ಮೇಲೆಯೇ ಮರಿಯು ತಿರಿಗಿ ಕುಟ್ಟಲಾರಂಭಿಸಿ, ಸುತ್ತಲೂ ಚಿಪ್ಪನ್ನು ಕತ್ತರಿಸಿ ಹೊರಡುವದು.

ಇದನ್ನು ನಾವು ಪುಸ್ತಕದಿಂದ ಕಲಿಯುವದಕ್ಕೆ ಮುಂಚೆ ನಷ್ಟದಿಂದ ಕಲಿತೆವು. ಒಂದು ವರುಷ ನಮ್ಮ ಮನೆಯಲ್ಲಿ ಹನ್ನೊಂದು ಮೊಟ್ಟೆಗಳನ್ನು ಕಾವಿಗಿಟ್ಟಿದ್ದೆವು. ಇಪ್ಪತ್ತೊಂದನೆಯ ದಿನ ಸಾಯಂಕಾಲದೊಳಗೆ ಆರು ಮರಿಗಳು ಹೊರಟವು. ಉಳಿದ ಐದರಲ್ಲಿ ತೂತು ಮಾತ್ರ ಬಿದ್ದಿತ್ತು. ಮಧ್ಯಾಹ್ನದಿಂದ ಅವು ಅಲ್ಲಾಡದ್ದನ್ನು ಕಂಡು ನಮಗೆ ಕರುಣೆ ಬಂತು. ನಿಜವನ್ನು ಹೇಳುವದಾದರೆ ತಾಳ್ಮೆಯೂ ತಪ್ಪಿತು. ದೀಪವನ್ನು ತಂದು ಮೂರು ಮೊಟ್ಟೆಗಳ ಚಿಪ್ಪನ್ನು ಉಗುರಿನಿಂದ ಸುಲಿದೆವು. ಪೊರೆಯು ಹರಿದ ಕೂಡಲೆ ರಕ್ತ ಬಂತು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಹೇಂಟೆಯು ನಮ್ಮ ಬೆರಳನ್ನು ಬಲವಾಗಿ ಕುಕ್ಕಿದ್ದರಿಂದ ಬಿಟ್ಟೆವು. ಮೂರು ಮರಿಗಳಲ್ಲಿ ಒಂದು ಆ ರಾತ್ರಿಯೇ ಸತ್ತಿತು. ಎರಡು ಬೆಳಗಾಗುವದರೊಳಗೆ ಸತ್ತವು. ನಾವು ಮುಟ್ಟದೆ ಬಿಟ್ಟ ಎರಡು ಮರುದಿನ ಹೊತ್ತೇರುವದರೊಳಗೆ ತಾವೇ ಹೊರಟು ಬಂದವು. ನೆರೆಮನೆಯ ವಿಧವೆಯು, ನಮ್ಮ ಸಭೆಯಲ್ಲಿ ವಯಸ್ಸಾದವಳು, ಬಂದು ನೋಡಿ, "ಅಯ್ಯನವರೇ, ಒಡೆಯುವದು ಮರಿಯ ಕೆಲಸ. ನೀವು ಯಾಕೆ ಮಾಡಿದಿರಿ?" ಎಂದಳು. ನಾವು ಉತ್ತರ ಕೊಡಲಿಲ್ಲ.

ಪ್ರಿಯರೇ, ಮೂರು ಮರಿಗಳ ಮಾತನ್ನು ಇಷ್ಟು ಉದ್ದಕ್ಕೆ ಬರೆಯುವದೇಕೆಂದು ನೀವು ಕೇಳಬಹುದು. ಅದೇ ವರುಷ ನಾವು ಇನ್ನೊಂದು ಚಿಪ್ಪನ್ನು ಒಡೆದೆವು. ನಮ್ಮ ಊರಿನ ಒಬ್ಬ ಯೌವನಸ್ಥನು ಸಾಯಂಕಾಲದ ಪ್ರಾರ್ಥನೆಗೆ ಬಂದು ಬಾಗಿಲ ಹೊರಗೆ ಕೂಡ್ರುತ್ತಿದ್ದನು. ಒಂದು ವರುಷಕ್ಕಿಂತ ಹೆಚ್ಚಾಗಿ ಹಾಗೆ ಬಂದನು. ನಮ್ಮಿಂದ ಸುವಾರ್ತೆಯ ಪುಸ್ತಕವನ್ನು ತಕ್ಕೊಂಡು ಓದಿದನು. ಒಂದೊಂದು ಸಾರಿ ಪ್ರಶ್ನೆಯನ್ನು ಕೇಳುತ್ತಿದ್ದನು, ಬಹಳ ಸಾರಿ ಸುಮ್ಮನಿರುತ್ತಿದ್ದನು. ಅವನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೋ ದೇವರೇ ಬಲ್ಲನು. ನಮಗಾದರೋ ವರುಷದ ಕಡೆಯು ಹತ್ತಿರವಾಗಿತ್ತು. ದೀಕ್ಷಾಸ್ನಾನ ಹೊಂದಿದವರ ಲೆಕ್ಕವನ್ನು ಬರೆದು ಕಳುಹಿಸಬೇಕಾಗಿತ್ತು. ಕ್ರಿಸ್ತಜಯಂತಿಯ ಮುಂಚಿನ ಕರ್ತನ ದಿನದಲ್ಲಿ, ಅವನನ್ನು ಕೇಳದೆ, ಅವನ ಹೆಸರನ್ನು ಸಭೆಯ ಮುಂದೆ ಹೇಳಿಬಿಟ್ಟೆವು. ಅವನು ಇನ್ನೂ ತನ್ನ ತಾಯಿಗೆ ಒಂದು ಮಾತೂ ಹೇಳಿರಲಿಲ್ಲ. ಆ ತಾಯಿಯು ಮರುದಿನ ಬಾವಿಯ ಬಳಿಯಲ್ಲಿ ಅನ್ಯರ ಬಾಯಿಂದ ಅದನ್ನು ಕೇಳಿದಳು. ಮಗನು ತನಗೆ ಹೇಳದೆ ಊರಿಗೆ ಹೇಳಿದನೆಂದು ತಿಳಿದು ಅವಳು ಅತ್ತಳು. ಅವನು ಸುಳ್ಳುಗಾರನಂತೆ ಅವಳ ಮುಂದೆ ನಿಂತನು. ಅಂದಿನಿಂದ ಅವನು ಪ್ರಾರ್ಥನೆಗೆ ಬರಲಿಲ್ಲ. ತಪ್ಪು ಅವನದಲ್ಲ, ಅವನ ತಾಯಿಯದೂ ಅಲ್ಲ, ನಮ್ಮದು. ಒಳಗೆ ರಕ್ತವು ಇನ್ನೂ ಮೈಸೇರುತ್ತಿರುವಾಗಲೇ ನಾವು ಪೊರೆಯನ್ನು ಹರಿದೆವು.

ತಾನು ಉಪದೇಶಿಸಿದವರಲ್ಲಿ ಕ್ರಿಸ್ತನು ರೂಪಗೊಳ್ಳುವ ವರೆಗೆ ಪೌಲನು ಹೆರುವವಳಂತೆ ವೇದನೆಪಟ್ಟನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಓದುತ್ತೇವೆ. ರೂಪಗೊಳ್ಳುವದಕ್ಕೆ ಹೊತ್ತು ಬೇಕು. ಬೀಜ ಹಾಕಿದವನು ಮಲಗಿ ಏಳುತ್ತಿರುವಾಗ ಅವನಿಗೆ ತಿಳಿಯದ ಹಾಗೆ ಪೈರು ಬೆಳೆಯುವದೆಂದು ಕರ್ತನು ಹೇಳಿದ್ದಾನೆ. ನಾವು ಕಾವನ್ನು ಕೊಡಬಹುದು, ನೀರು ಕಾಳುಗಳನ್ನು ಹತ್ತಿರವಿಡಬಹುದು, ನಾಯಿಯನ್ನು ಓಡಿಸಬಹುದು. ಜೀವವನ್ನು ಕೊಡಲಾರೆವು, ಅದರ ದಿನವನ್ನು ನೇಮಿಸಲಾರೆವು. ತಂದೆತಾಯಿಗಳೇ, ನಿಮ್ಮ ಮಕ್ಕಳನ್ನು ಕುರಿತು ಸಹ ಇದನ್ನು ನೆನಸಿರಿ. ನಿಮ್ಮ ಮಗನು ಪ್ರಾರ್ಥನೆಯಲ್ಲಿ ಸುಮ್ಮನೆ ಕೂಡ್ರುವದಾದರೆ ಬೈದು ಬಾಯಿ ಬಿಡಿಸಬೇಡಿರಿ.

ಆರನೆಯದಾಗಿ, ಮರಿ ಹೊರಟ ಮೇಲಿನ ದಿನವನ್ನು ನೋಡಿರಿ. ಮರಿಯು ಇನ್ನೂ ಚಿಪ್ಪಿನೊಳಗಿರುವಾಗಲೇ ಕಿಚಿಕಿಚಿ ಎನ್ನುವದು. ಹೇಂಟೆಯು ಮೆಲ್ಲಗೆ ಲೊಕ್ಕೆಂದು ಉತ್ತರಕೊಡುವದು. ಮುಖವನ್ನು ಕಾಣುವದಕ್ಕೆ ಮುಂಚೆಯೇ ಮರಿಯು ತಾಯಿಯ ಸ್ವರವನ್ನು ಬಲ್ಲದು. ಮೊದಲು ಹೊರಟ ಮರಿಗಳಿಗೆ ಎರಡು ದಿನದ ವರೆಗೆ ತಿನ್ನಿಸಬೇಕಾದದ್ದಿಲ್ಲ. ಹೊಟ್ಟೆಯೊಳಗೆ ಎಳಕೊಂಡ ಹಳದಿ ಭಂಡಾರವೇ ಅವುಗಳಿಗೆ ಸಾಕು. ಇದರಿಂದ ಹೇಂಟೆಯು ಎದ್ದುಹೋಗದೆ ಹಿಂದುಳಿದ ಮರಿಗಳಿಗಾಗಿ ಕಾದು ಕೂಡ್ರಬಲ್ಲದು. ಮುಂದಾಗಿ ಬಂದವರಿಗೆ ದೇವರು ಬುತ್ತಿಯನ್ನು ಕಟ್ಟಿದ್ದು ಹಿಂದಾಗಿ ಬರುವವರಿಗಾಗಿ ಕಾದಿರಲಿಕ್ಕೆ ಎಂದು ಇದರಿಂದ ಕಲಿಯುತ್ತೇವೆ.

ಆದರೆ ಆ ಕಾಯುವಿಕೆಗೂ ಒಂದು ಕಡೆಯುಂಟು. ಎರಡು ದಿನದ ಮೇಲೆ ಹೇಂಟೆಯು ಹೊರಟ ಮರಿಗಳನ್ನು ಕರೆದುಕೊಂಡು ಗೂಡನ್ನು ಬಿಡುವದು. ಆಗ ಉಳಿದ ಮೊಟ್ಟೆಯಲ್ಲಿ ಜೀವವಿದ್ದರೂ ಅದು ತಣ್ಣಗಾಗುವದು. ಕರ್ತನು ಯೆರೂಸಲೇಮನ್ನು ಕುರಿತು ದುಃಖಪಟ್ಟು ಸುಮಾರು ೪೦ ವರುಷಗಳಾದ ಮೇಲೆ, ಕ್ರಿ. ಶ. ೭೦ರಲ್ಲಿ, ತೀತನ ರೋಮಾಯ ಸೈನ್ಯವು ಆ ಪಟ್ಟಣವನ್ನೂ ದೇವಾಲಯವನ್ನೂ ಹಾಳುಮಾಡಿತು. ಇದನ್ನು ಹೇಳಿ ಆ ಜನಾಂಗವನ್ನು ದೂಷಿಸುವವರು ಕರ್ತನ ಕಣ್ಣೀರನ್ನು ತಿಳಿಯದವರು. ಕರೆದಾಗ ಬಾರದೆ ಹೋದವರಲ್ಲಿ ನಾವೂ ಇದ್ದೇವೆ. ಮುಂದೆ ನೋಡೋಣ, ಸುಗ್ಗಿಯಾಗಲಿ, ಮಗಳ ಮದುವೆಯಾಗಲಿ, ಎಂದು ಕರ್ತನನ್ನು ತಡೆಹಿಡಿಯುವವರೇ, ತಾಳ್ಮೆಯುಳ್ಳ ಹೇಂಟೆಯೂ ಒಂದು ದಿನ ಏಳುವದೆಂಬದನ್ನು ಮರೆಯಬೇಡಿರಿ.

ಹಾಗಾದರೆ ಬಿಟ್ಟುಹೋದ ಮೊಟ್ಟೆಗೆ ಗತಿಯಿಲ್ಲವೋ? ಹೇಂಟೆಯ ಹೋಲಿಕೆಯು ಇಲ್ಲಿಗೆ ಮುಗಿಯುವದು, ನಮ್ಮ ಕರ್ತನ ಪ್ರೀತಿಯು ಮುಗಿಯುವದಿಲ್ಲ. ತೊಂಭತ್ತೊಂಭತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನು ಆತನೇ. ಆ ವಿಧವೆಯು ತನ್ನ ಹೇಂಟೆಯು ಬಿಟ್ಟುಹೋದ ಒಂದು ಮೊಟ್ಟೆಯನ್ನು ಎಸೆಯದೆ ಕಿವಿಗೆ ಹಿಡಿದದ್ದನ್ನು ನಾವು ಕಂಡಿದ್ದೇವೆ. ಒಳಗೆ ಸಣ್ಣ ಸ್ವರವಿತ್ತು. ಅವಳು ಅದನ್ನು ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ, ಒಲೆಯ ಪಕ್ಕದ ಬೆಚ್ಚಗಿನ ಗೂಡಿನಲ್ಲಿಟ್ಟು, ರಾತ್ರಿಯಲ್ಲಿ ಎರಡು ಮೂರು ಸಾರಿ ಎದ್ದು ಕೈಯಿಟ್ಟು ನೋಡಿದಳು. ಮರುದಿನ ಮರಿ ಬಂತು. ಕತ್ತಲಾದ ಮೇಲೆ ಅದನ್ನು ಮೆಲ್ಲಗೆ ಹೇಂಟೆಯ ರೆಕ್ಕೆಯೊಳಗೆ ಸೇರಿಸಿದಳು, ಹೇಂಟೆಯು ಬೇಡವೆನ್ನಲಿಲ್ಲ.

ಆ ಯೌವನಸ್ಥನ ಮನೆಗೆ ಹೋದವಳೂ ಅವಳೇ. ನಾವು ಹೋಗುವದಕ್ಕೆ ನಾಚಿಕೊಂಡೆವು. ಅವಳು ಅವನ ತಾಯಿಯ ಬಳಿಗೆ ಹೋಗಿ ಕಾಳು ಹಸನುಮಾಡುತ್ತಾ ಕೂಡ್ರುತ್ತಿದ್ದಳು. ಅವಳಿಗೆ ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟಳು. ದೇವಾಲಯದ ಮಾತನ್ನಾಗಲಿ ದೀಕ್ಷಾಸ್ನಾನದ ಮಾತನ್ನಾಗಲಿ ಎತ್ತಲಿಲ್ಲ. ಯಾಕೆಂದು ನಾವು ಕೇಳಿದಾಗ, "ಅವರ ಮನೆಯಲ್ಲಿ ಕೆಲಸವಿತ್ತು, ಅಯ್ಯನವರೇ," ಎಂದಷ್ಟೇ ಹೇಳಿದಳು. ಕಡೆಗೆ ನಾವೂ ಹೋಗಿ ಆ ತಾಯಿಯ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವಳು ಮಾತಾಡಲಿಲ್ಲ, ಕುಡಿಯುವದಕ್ಕೆ ನೀರು ಕೊಟ್ಟಳು.

ಈಗ ಯಂತ್ರಗಳಿಂದಲೂ ಮೊಟ್ಟೆಗಳಿಗೆ ಕಾವು ಕೊಡುತ್ತಾರೆ. ಒಂದು ಪೆಟ್ಟಿಗೆಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು, ಹದವಾದ ಬಿಸಿಯನ್ನೂ ತೇವವನ್ನೂ ಕೊಟ್ಟು, ತಾನೇ ಹೊರಳಿಸುವ ಯಂತ್ರಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೂಪಿಸಲ್ಪಟ್ಟ ಗಿರಿರಾಜ ಕೋಳಿಯನ್ನು ಸಾಕಿದವರು, ಅದು ಕಾವಿಗೆ ಕೂಡ್ರುವದಿಲ್ಲವಾದ್ದರಿಂದ, ಅದರ ಮೊಟ್ಟೆಗಳನ್ನು ಯಂತ್ರದಲ್ಲಿಯೋ ನಾಡಹೇಂಟೆಯ ಅಡಿಯಲ್ಲಿಯೋ ಇಡುವರು. ಯಂತ್ರವು ಬೇಡವೆಂದು ನಾವು ಹೇಳುವದಿಲ್ಲ. ಅದು ಸಹ ದೇವರು ಕೊಟ್ಟ ಬುದ್ಧಿಯ ಫಲ. ಆದರೆ ಯಂತ್ರವು ಕಾವು ಕೊಟ್ಟೀತು, ಕರೆಯಲಾರದು. ಗಿಡುಗನ ನೆರಳು ಅಂಗಳದಲ್ಲಿ ಬಿದ್ದಾಗ ಕೂಗಿ ರೆಕ್ಕೆಯನ್ನು ಹರಡುವದು ತಾಯಿಯೇ. ಅನ್ಯಕೋಳಿಯ ಮೊಟ್ಟೆಯಿಂದ ಬಂದ ಮರಿಗೂ ಅದು ಅದೇ ರೆಕ್ಕೆಯನ್ನು ಹರಡುವದು. ಬಾತಿನ ಮೊಟ್ಟೆಯನ್ನಿಟ್ಟರೆ ಇನ್ನೊಂದು ವಾರ ಹೆಚ್ಚಾಗಿ ಕೂಡ್ರುವದು. ಆ ಮರಿಗಳು ಕೆರೆಗಿಳಿದಾಗ ದಡದ ಮೇಲೆ ಕಳವಳದಿಂದ ಕೂಗುತ್ತಾ ನಿಲ್ಲುವದು.

ಲೂಕನು ಬರೆದ ಸುವಾರ್ತೆಯ ೧೩ನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ನೋಡಿರಿ. ಹೆರೋದನು ಕೊಲ್ಲಬೇಕೆಂದಿದ್ದಾನೆಂಬ ಸುದ್ದಿಯನ್ನು ತಂದವರಿಗೆ ಉತ್ತರಕೊಡುವಾಗ ಕರ್ತನು ಅವನನ್ನು ನರಿಯೆಂದು ಕರೆದನು. ಎರಡು ವಚನ ದಾಟುವದರೊಳಗೆ ತನ್ನನ್ನು ತಾಯಿಕೋಳಿಗೆ ಹೋಲಿಸಿದನು. ನರಿಯು ಬರುವದೆಂದು ಬಲ್ಲ ಕೋಳಿಯು ಮರಿಗಳನ್ನು ಬಿಟ್ಟು ಹಾರಲಿಲ್ಲ. ರೆಕ್ಕೆಯನ್ನು ಹರಡಿ ನಿಂತಿತು. ಅಂಥಾ ರೆಕ್ಕೆಯ ಕೆಳಗೆ ಬರುವದಕ್ಕೆ ನಾವು ಮನಸ್ಸು ಮಾಡೋಣ; ಬಂದವರು ಹಿಂದುಳಿದವರಿಗಾಗಿ ಸ್ಥಳವನ್ನು ಬಿಡೋಣ; ಇನ್ನೂ ಚಿಪ್ಪಿನೊಳಗಿರುವವರ ಮೇಲೆ ಕೈ ಮಾಡದಿರೋಣ.

ಎರಡು ವರುಷಗಳ ಮೇಲೆ, ಮಳೆ ಬರುತ್ತಿದ್ದ ಒಂದು ಕರ್ತನ ದಿನದಲ್ಲಿ, ಆ ಯೌವನಸ್ಥನು ದೇವಾಲಯದ ಸೂರಿನ ಕೆಳಗೆ ಬಂದು ನಿಂತನು. ಆ ವಿಧವೆಯು ತನ್ನ ಚಾಪೆಯ ಮೇಲೆ ಸ್ವಲ್ಪ ಸರಿದಳು. ಅವನು ಒಳಗೆ ಬಂದು ಕೂತನು. ಅಂದಿನಿಂದ ಬರುತ್ತಾ ಇದ್ದಾನೆ. ಬಾಗಿಲ ಹತ್ತಿರವೇ ಕೂಡ್ರುತ್ತಾನೆ. ನಾವು ಅವನನ್ನು ಏನೂ ಕೇಳಿಲ್ಲ. ನಿಮ್ಮ ಪ್ರಾರ್ಥನೆಗಳಲ್ಲಿ ಅವನನ್ನೂ ಅವನ ತಾಯಿಯನ್ನೂ ನೆನಸಿಕೊಳ್ಳಿರಿ. ನಮಗೆ ತಾಳ್ಮೆಯು ದೊರೆಯುವ ಹಾಗೆ ನಮಗಾಗಿಯೂ ಬೇಡಿಕೊಳ್ಳಿರಿ. ಆಮೆನ್.